ಫೋಟೋ ನೋಡಲು ಕೊಟ್ಟ ಶಾಲು

ಕರಕೋಲ್

ಅಪ್ಪಾ,

ನೀನು ಓದಲ್ಲ ಅಂತ ಗೊತ್ತಿದ್ದೂ ಬರೀತಿದ್ದೀನಿ. ಇವತ್ತಿನ ಸುದ್ದಿ ನಿನಗೇ ಹೇಳಬೇಕಾದದ್ದು.

ನೀನು ಹೋದ ಮೇಲೆ ಯಾರೂ ಮುಟ್ಟದ ಉಗ್ರಾಣವನ್ನು ಹೋದ ವಾರ ತೆಗೆದೆವು. ಉಣ್ಣೆ ಮೂಟೆಗಳ ಹಿಂದೆ ನಿನ್ನ ಕ್ಯಾಮೆರಾ, ಕೆಂಪು ದೀಪ, ಹಗ್ಗ ಕಟ್ಟಿದ ಫೋಟೋ ಪತ್ರಿಕೆಗಳು ಸಿಕ್ಕವು. ಕ್ಯಾಮೆರಾದಲ್ಲಿ ಅರ್ಧ ಮುಗಿದ ರೀಲು ಹಾಗೇ ಇತ್ತು.

"ವೇಸ್ಟ್ ಮಾಡಬಾರ್ದು. ಹೋಗಿ ಗೇಟ್ ಹತ್ರ ನಿಂತ್ಕೊ," ಅಂದಳು ಅಮ್ಮ.

"ನೀನು ತೆಗೆದ್ರೆ ಫೋಟೋದಲ್ಲಿ ತಲೇನೇ ಇರಲ್ಲ ಅಂತ ಅಪ್ಪ ಬೈತಿದ್ದ!"

"ನಿಮ್ಮಪ್ಪಂದೂ ಒಂದು ತೆಗ್ದಿದ್ದೀನಿ ಅದ್ರಲ್ಲಿ. ಸುಮ್ನೆ ನಿಂತ್ಕೊಳೇ ಐಜಿರೆಕ್."

ಫಿಲಂ ತೊಳೆಯುವ ರಾಸಾಯನಿಕ ಹೊಸದಾಗಿ ತಂದು, ನಿನ್ನ ಪತ್ರಿಕೆಯಲ್ಲಿ ಹೇಳಿದ ಹಾಗೇ, ಇವತ್ತು ಬಚ್ಚಲಲ್ಲಿ ಫಿಲಂ ತೊಳೆದು ಪ್ರಿಂಟ್ ಹಾಕಿದೆವು. ನಿನ್ನ ಫೋಟೋ ಒಣಗಿದ್ದೇ ತಡ, ಅಮ್ಮ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಹೊಸ ಸೊಸೆಯ ಮುಖ, ಕೂಸಿನ ಮುಖ ಮೊದಲು ನೋಡುವವರ ಹತ್ತಿರ ಉಡುಗೊರೆ ಕೇಳುವ ಹಾಗೆ ನಿನ್ನ ಮುಖಕ್ಕೂ ಕೇಳಿದಳು:

"ಕೋರುಮ್ದುಕ್ ಕೊಡು, ಆಮೇಲೆ ನೋಡು!"

ನನ್ನ ರೇಷ್ಮೆ ಶಾಲು ಬಿಚ್ಚಿ ಅವಳ ಹೆಗಲಿಗೆ ಹಾಕಿದೆ.

ತಲೆ ಪೂರ್ತಿ ಇದೆ ಅಪ್ಪಾ. ಕಲ್ಪಕ್ ಟೋಪಿಯ ತುದಿ ಮಾತ್ರ ಹೋಗಿದೆ. ನಿನ್ನ ಕೊನೆಯ ನೂರುಜ್ ಹಬ್ಬದ ದಿನ ತೆಗೆದದ್ದಂತೆ. ನೀನು ಕ್ಯಾಮೆರಾ ಕಡೆ ನೋಡದೆ ಗೇಟಿನ ಕಡೆ ನೋಡುತ್ತಿದ್ದೀಯ. ಆ ಹಬ್ಬಕ್ಕೆ ನಾನು ಊರಿಗೆ ಬಂದಿರಲಿಲ್ಲ.

ಈಗ ಎರಡೂ ಫೋಟೋ ಗೋಡೆಯ ಮೇಲಿವೆ. ಎಡಗಡೆ ನೀನು, ಬಲಗಡೆ ಗೇಟಿನ ಹತ್ತಿರ ನಾನು. ಹೊಸ ಶಾಲು ಸರಿಮಾಡಿಕೊಂಡು ಅಮ್ಮ ನಿನಗೆ ಅಂದಳು:

"ಬಂದ್ಲು ನೋಡಿ, ನಿಮ್ಮ ಮಗಳು."