ಮುಂದಕ್ಕೆ ಎಳೆಯುವ ಕೋಲು

ಮಾನಿಟೊವಾಕ್, ವಿಸ್ಕಾನ್ಸಿನ್
ನವೆಂಬರ್ 9, 2003

ಪ್ರೀತಿಯ ರೆನಿ,

ನನ್ನ ಅಕ್ಷರ ಗುರುತು ಹಿಡಿದೂ ನೀನು ಲಕೋಟೆ ಒಡೆದಿದ್ದೀಯಾದರೆ, ಅಷ್ಟೇ ನನಗೆ ದೊಡ್ಡದು.

ನಿನ್ನ ಅಮ್ಮನನ್ನು ಮಣ್ಣು ಮಾಡಿ ಹನ್ನೆರಡು ದಿನವಾಯಿತು. ಅವತ್ತು ಚರ್ಚಿನ ಮೆಟ್ಟಿಲ ಮೇಲೆ ನೀನು ಟೆಸಾಳ ಕೋಟಿನ ಗುಂಡಿ ಹಾಕಲು ಪರದಾಡಿದ್ದನ್ನು ನೋಡಿದೆ. ಎಡಗೈ ಬೆರಳು ಗುಂಡಿಯನ್ನು ಹಿಡಿಯಿತು, ಬಿಟ್ಟಿತು. ಮತ್ತೆ ಹಿಡಿಯಿತು, ಬಿಟ್ಟಿತು. ಕೊನೆಗೆ ನಿನ್ನ ಮಗಳೇ "ಬಿಡಮ್ಮ, ನಾನೇ ಹಾಕ್ಕೋತೀನಿ" ಅಂದಳು. ದಿನವೂ ಹೇಳಿ ರೂಢಿಯಾದ ದನಿ. ನಿನ್ನ ಕೈ ಎಂದೋ ವಾಸಿಯಾಗಿರಬೇಕು ಎಂದು ಹದಿನಾಲ್ಕು ವರ್ಷ ನಂಬಿಕೊಂಡಿದ್ದೆ.

ಮನೆಗೆ ಬಂದವನು ನೆಲಮಾಳಿಗೆಗೆ ಇಳಿದು ಎಂಬತ್ತೊಂಬತ್ತರ ಡ್ರಮ್ ಕೋಲುಗಳ ಕಟ್ಟು ಬಿಚ್ಚಿದೆ. ಕೋಲು ಕಡೆಯುವ ಲೇತಿನ ಪಕ್ಕದಲ್ಲೇ ಇತ್ತು, ದೂಳು ಹಿಡಿದು.

ಆ ವರ್ಷ, ನಾನು ಕಲಿಸುತ್ತಿದ್ದ ನಮ್ಮ ಕವಾಯತು ಬ್ಯಾಂಡಿನ ಸ್ನೇರ್ ಡ್ರಮ್ಮುಗಳಿಗೆ ಹೊಸ ಹೊದಿಕೆ ಬಂದದ್ದು ನಿನಗೆ ನೆನಪಿರಬೇಕು. ಗುಂಡು ತಡೆಯುವ ಅಂಗಿಯ ನೂಲಿನಿಂದ ನೇಯ್ದದ್ದು. ಹಳೆಯದು ಕೋಲನ್ನು ಮೆತ್ತಗೆ ಹಿಂದಕ್ಕೆ ಕಳಿಸುತ್ತಿತ್ತು. ಇದರ ಮೇಲೆ ಹೊಡೆದರೆ ಮೇಜಿಗೆ ಬಡಿದ ಹಾಗೆ. ಅದರಿಂದ ತುಂಬು ನಾದ ಹೊರಡಿಸಬೇಕೆಂದು ನಾನು ಕೋಲನ್ನೇ ಬದಲಾಯಿಸಿದೆ. ತುದಿಯತ್ತ ಸಣ್ಣಗಾಗುತ್ತಾ ಹೋಗುವ ಕತ್ತನ್ನು ಮೋಟು ಮಾಡಿದೆ. ಹಿಕರಿ ಮರ ಕೊನೆಯವರೆಗೂ ದಪ್ಪಗೇ ಉಳಿಯಿತು. ತುದಿಯಲ್ಲಿ ಗೋಲಿಯಂಥ ಮಣಿ. ತೂಕವೆಲ್ಲ ಮುಂದೆ ಹೋಯಿತು. ಒಂಬತ್ತು ಜನ ಒಟ್ಟಿಗೆ ಹೊಡೆದರೆ ದೊಡ್ಡ ಬಾಗಿಲೊಂದು ಮುಚ್ಚಿದಂಥ ಒಂದೇ ಸದ್ದು. ಆ ಸದ್ದಿಗೆ ನಾನು ಮರುಳಾಗಿಬಿಟ್ಟೆ.

ನಿನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಡ್ವೇನ್ ಮೊದಲ ದಿನವೇ "ಕ್ಯಾಸ್, ಇದೇನು ಕೋಲಾ, ಬೇಸ್‌ಬಾಲ್ ಬ್ಯಾಟಾ?" ಅಂದಿದ್ದ. ಎಲ್ಲರೂ ನಕ್ಕರು. ಅವನ ಕೈಯೋ ಸಲಿಕೆಯಷ್ಟು ಅಗಲ, ಅವನಿಗೇನೂ ಆಗಲಿಲ್ಲ. ನೀನು ಮಾತ್ರ ನಗಲಿಲ್ಲ. "ಅಪ್ಪ, ಮುಂದಕ್ಕೆ ಎಳೀತಿದೆ. ಬೇರೆ ಯಾರದ್ದೋ ಕೈ ಹೊತ್ಕೊಂಡ ಹಾಗಿದೆ" ಅಂದೆ. ಅಂಗೈ ಮೇಲಾಗಿ, ಹೆಬ್ಬೆರಳ ಸಂದಿಯಲ್ಲಿ ಕೋಲು ಮಲಗಿಸುವ ಎಡಗೈಗೆ ಆ ಎಳೆತ ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಪ್ರತಿ ಪೆಟ್ಟಿಗೂ ಮಣಿಕಟ್ಟು ತಿರುಚಿಯೇ ಅದನ್ನು ಎತ್ತಬೇಕು. ಆದರೂ ನಾನು "ಶಕ್ತಿ ಬರತ್ತೆ ಬಿಡು" ಅಂದೆ.

ಜೂನ್‌ನಲ್ಲಿ ನೀನು ಯಾರಿಗೂ ಹೇಳದೆ ಕೋಲಿನ ಬುಡಕ್ಕೆ ಟೇಪು ಸುತ್ತಿದೆ, ತೂಕ ಹಿಂದಕ್ಕೆ ಬರಲಿ ಎಂದು. ಜಾಣತನದ ಕೆಲಸ, ನಾನೇ ಕಲಿಸಿದ್ದು. ಕಾದ ಡಾಂಬರಿನ ಮೇಲೆ ಇಡೀ ಸಾಲಿನೆದುರು ನಾನು ಅದನ್ನು ಚಾಕುವಿನಿಂದ ಸೀಳಿ ತೆಗೆದೆ. "ನನ್ನ ಸಾಲಲ್ಲಿ ಒಂಬತ್ತು ಜೊತೇನೂ ಒಂದೇ. ಆಗೋದಾದ್ರೆ ಹೊಡಿ, ಇಲ್ಲಾಂದ್ರೆ ಬಸ್ಸಲ್ಲಿ ಕೂತ್ಕೋ." "ಅವ್ಳ ಟೇಪಿಂದ ನಮ್ಗೇನು ತೊಂದ್ರೆ ಕ್ಯಾಸ್?" ಅಂದ ಡ್ವೇನ್. ಅವನಿಗೆ ಮೈದಾನ ಸುತ್ತು ಹಾಕಿಸಿದೆ.

ಆಗಸ್ಟ್‌ನಲ್ಲಿ, ಕಾನ್ಸಾಸ್ ಸಿಟಿಯ ಸ್ಪರ್ಧೆಯ ಮೈದಾನದಲ್ಲಿ, ನಿನ್ನ ಎಡಗೈಯಿಂದ ಕೋಲು ಜಾರಿ ಬಿತ್ತು. ಎಂಟು ಜನ ನುಡಿಸುತ್ತಾ ಮುಂದೆ ಹೋದರು. ನೀನು ಬರಿಗೈ ಆಡಿಸುತ್ತಾ ಹೆಜ್ಜೆ ತಪ್ಪದೆ ನಡೆದೆ. ಹೊರಬಂದ ಮೇಲೆ "ಕೈ ಇದೆ ಅಂತಾನೇ ಗೊತ್ತಾಗ್ತಿಲ್ಲ ಅಪ್ಪ" ಅಂದೆ. ನಾನು ಕೈ ನೋಡಲಿಲ್ಲ. ಎಂಟು ಜನರ ಬೇಸಿಗೆಯನ್ನು ಹಾಳು ಮಾಡಿದೆ ಎಂದು ಬೈದು, ಮರುದಿನ ನಿನ್ನ ಡ್ರಮ್ಮನ್ನು ಇನ್ನೊಬ್ಬಳ ಹೆಗಲಿಗೆ ಹಾಕಿದೆ. ಚಳಿಗಾಲಕ್ಕೆ ಮೊದಲೇ ನೀನು ಡುಲೂತ್‌ಗೆ ಹೊರಟುಹೋದೆ.

ಇಂದು ಆ ಕೋಲನ್ನು ಚಾಕುವಿನ ಅಲಗಿನ ಮೇಲಿಟ್ಟು ತೂಗಿದೆ. ಅದರ ಸಮತೂಕ ಹಳೆಯದಕ್ಕಿಂತ ಪೂರ್ತಿ ಒಂದು ಇಂಚು ಮುಂದೆ ನಿಲ್ಲುತ್ತದೆ. ಇದು ಇಂದು ತಿಳಿದ ಸಂಗತಿಯಲ್ಲ. ಅಂದೇ ಅಳೆದಿದ್ದೆ.

ಇನ್ನೊಂದು. ಆ ಏಪ್ರಿಲ್‌ನಲ್ಲಿ ನಿನಗೆಂದೇ ಉದ್ದ ಕತ್ತಿನ, ಸಣ್ಣ ಮಣಿಯ ಒಂದು ಜೊತೆ ಕಡೆದುಕೊಟ್ಟಿದ್ದೆ. ಅರ್ಧ ಗಂಟೆ ನುಡಿಸಿದೆ ನೀನು. "ಇದು ತಾನಾಗೇ ಏಳತ್ತೆ ಅಪ್ಪ!" ಎಂದಾಗ ನಿನ್ನ ಮುಖವೆಲ್ಲ ನಗುವಾಗಿತ್ತು. ಆದರೆ ಸದ್ದು ತೆಳು. ಸಾಲಿನಲ್ಲಿ ಬೇರೆಯಾಗಿ ಕೇಳುತ್ತಿತ್ತು. ಮರುದಿನ ನಾನು, ಮರ ಸೀಳು ಬಿಟ್ಟಿದೆ ಎಂದು ಹೇಳಿ ಒಲೆಗೆ ಹಾಕಿದೆ. ಸೀಳು ಬಿಟ್ಟಿರಲಿಲ್ಲ, ರೆನಿ. ನಾನು ಕಡೆದ ಕೋಲುಗಳಲ್ಲೆಲ್ಲ ಅದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ.

ಲೇತನ್ನು ನಿಲ್ಲಿಸಿದ್ದೇನೆ. ಮನೆಯಲ್ಲಿ ಈಗ ಸದ್ದೇ ಇಲ್ಲ. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ. ಟೆಸಾಳನ್ನು ಚಳಿಯಿಂದ ಜೋಪಾನ ಮಾಡು.

ನಿನ್ನ ಅಪ್ಪ,
ಕ್ಯಾಸಿಮಿರ್

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಆ ಜುಲೈನಲ್ಲಿ ಅಯೋವಾದ ಚಿಕಿತ್ಸಾಲಯದಲ್ಲಿ ನಿನ್ನ ಕೈ ನೋಡಿದ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, "ನರ ಒತ್ತಿ ಹೋಗ್ತಿದೆ, ಆರು ವಾರ ಕೋಲು ಮುಟ್ಟಿಸ್ಬೇಡಿ" ಅಂದು ಚೀಟಿ ಬರೆದುಕೊಟ್ಟಿದ್ದಳು. ಬಸ್ಸು ಹತ್ತಿ ನಿನಗೆ "ಬರೀ ಉಳುಕಂತೆ" ಎಂದದ್ದು ನಾನು. ನನ್ನ ಅಂಗಿ ಒಗೆಯುವಾಗ ಆ ಚೀಟಿ ನಿನ್ನ ಅಮ್ಮನ ಕೈಗೆ ಸಿಕ್ಕಿತು, ಸೆಪ್ಟೆಂಬರ್‌ನಲ್ಲಿ. ಆಮೇಲೆ ಅವಳು ನನ್ನೊಡನೆ ಒಂದೇ ಮೇಜಿನಲ್ಲಿ ಕೂತು ಉಣ್ಣಲಿಲ್ಲ. ನಿನಗೆ ಹೇಳಬೇಡ ಎಂದು ನಾನೇ ಅವಳಿಂದ ಆಣೆ ಹಾಕಿಸಿಕೊಂಡಿದ್ದೆ. ಅವಳ ಮೇಲೆ ಮಾತ್ರ ಸಿಟ್ಟಾಗಬೇಡ.