ಕ್ರಯಪತ್ರದಲ್ಲಿ ನನ್ನ ಹೆಸರು

ಅಣ್ಣಾ,

ನಿನ್ನ ವಿಳಾಸ ಗೊತ್ತಿದ್ದರೂ ಇದನ್ನು ಕಳಿಸುತ್ತಿರಲಿಲ್ಲ. ನೀನು ದಿವಾಳಿ ಅರ್ಜಿ ಹಾಕಿ ಊರು ಬಿಟ್ಟೆ. ಇವತ್ತು ಕೋರ್ಟು ನೇಮಿಸಿದ ಅಧಿಕಾರಿ ನಮ್ಮಿಬ್ಬರ ಮನೆ ನೋಡಲು ಬಂದಿದ್ದರು. ನನ್ನ ಹೊಲಿಗೆ ಕೋಣೆಯನ್ನು ನನ್ನದೇ ಟೇಪಿನಿಂದ ಅಳೆದರು. ಅವರದು ಆಫೀಸಿನಲ್ಲೇ ಉಳಿದಿತ್ತಂತೆ.

"ಸಾಲ ಅವರೊಬ್ಬರದೇ ಸಾರ್. ನನ್ನ ಹೆಸರು ಇರೋದು ಕ್ರಯಪತ್ರದಲ್ಲಿ ಮಾತ್ರ," ಅಂದೆ.

"ಅದಕ್ಕೇ ಸಾಲ ನಿಮ್ಮನ್ನ ಕೇಳಲ್ಲಮ್ಮ. ಆದ್ರೆ ಮನೆ ಅಡ ಇಡೋಕೆ ನೀವೂ ಒಪ್ಪಿ ಸಹಿ ಹಾಕಿದ್ದೀರಿ. ಮಾರಲೇಬೇಕು. ಬ್ಯಾಂಕಿಗೆ ಕಟ್ಟಿ ಏನಾದ್ರೂ ಉಳಿದ್ರೆ ನಿಮ್ಮ ಪಾಲು ಬರುತ್ತೆ."

ಕಾಗದ ತೋರಿಸಿದರು. ಸಹಿ ನನ್ನದೇ. "ಸಾಲದಲ್ಲಿ ನಿನ್ನ ಹೆಸರು ಸೇರಿಸಿಲ್ಲ, ಕಣ್ಮುಚ್ಚಿ ಹಾಕು," ಅಂದಿದ್ದೆ ನೀನು. ಮುಂದೆ ಶಾಲೆ ಯೂನಿಫಾರ್ಮಿನ ರಾಶಿ ಬಿದ್ದಿತ್ತು, ಕಣ್ಮುಚ್ಚಿಯೇ ಹಾಕಿದೆ. ಈ ಮನೆಯ ಮುಂಗಡಕ್ಕೆ ಹದಿನಾರು ವರ್ಷದ ಹೊಲಿಗೆ ದುಡ್ಡು ಸುರಿದವಳು, ಆ ಕಾಗದ ಓದಲು ಹತ್ತು ನಿಮಿಷ ಕೊಡಲಿಲ್ಲ.

ನೀನೂ ಓದಿ ಹೇಳಲಿಲ್ಲ.

ಹೊರಡುವ ಮುಂಚೆ ಅಧಿಕಾರಿ ಫಾರಂ ತುಂಬುತ್ತಾ, ನಿನ್ನ ಹೆಸರಿನ ಮೇಲೆ ಪೆನ್ನಿಟ್ಟು ಕೇಳಿದರು: "ಇವರು ನಿಮಗೇನಾಗ್ಬೇಕು?"

ನಾನು ನನ್ನ ಟೇಪು ಸುತ್ತಿಟ್ಟೆ.

"ಜಂಟಿ ಮಾಲೀಕರು," ಅಂದೆ.

ಅವರು ಹಾಗೆಯೇ ಬರೆದುಕೊಂಡರು.