ಕಟ್ಟೆಯ ಮೇಲಿನ ಪ್ಯಾಕೆಟ್

೧೪ ಜೂನ್ ೧೯೯೯, ಸೋಮವಾರ

ಸತ್ತ ಎಮ್ಮೆ ಇನ್ನೂ ಕೊಟ್ಟಿಗೆಯ ಮುಂದೆಯೇ ಬಿದ್ದಿದೆ. ಬೆಳಿಗ್ಗೆ ನನ್ನ ತಮ್ಮ ರಾವಸಾಬ ಎಂದಿನಂತೆ ದಲಿತ ಕೇರಿಯ ಹುಲಗಪ್ಪನನ್ನು ಕರೆಸಿ, ಅದನ್ನು ಊರಾಚೆ ಎಳೆಯುವ ಮೊದಲು ಕುಡಿಯಲೆಂದು ಸಾರಾಯಿ ಪ್ಯಾಕೆಟ್ ಎಸೆದ. ಹುಲಗಪ್ಪ ಅದನ್ನೆತ್ತಿ ಕಟ್ಟೆಯ ಮೇಲಿಟ್ಟ.

"ಬ್ಯಾಡ್ರಿ. ಮುದ್ದೇಬಿಹಾಳ ಶಿಬಿರದಾಗ ಕುಡಿಯೂದು ಬಿಟ್ಟು ಬಂದೇನಿ. ನಲವತ್ತು ದಿನಾ ಆತು."

"ಕುಡೀದಿದ್ರ ಬಿಡಪಾ, ಎಮ್ಮಿ ಎಳಿ."

"ಕುಡೀಲಾರ್ದ ಈ ಕೆಲಸ ಆಗೂದಿಲ್ರಿ ಸಾವ್ಕಾರ್ರ. ಅದಕ್ಕ ಎರಡೂ ಬಿಟ್ಟೇನಿ."

"ನೋಡ್ರಿ, ಶಿಬಿರಕ್ಕ ಹೋಗಿ ಸಾಹೇಬ ಆಗಿ ಬಂದಾನ!" ರಾವಸಾಬ ಓಣಿಗೆಲ್ಲ ಕೇಳುವಂತೆ ಕೂಗಿದ.

ಇಷ್ಟು ವರ್ಷ ಹುಲಗಪ್ಪ ಕುಡಿದು ಗಟಾರದಲ್ಲಿ ಬಿದ್ದಾಗ ನಮ್ಮವರಾರಿಗೂ ಇಂಥ ಸಿಟ್ಟು ಬರಲಿಲ್ಲ. ನಗುತ್ತಿದ್ದರು.

ಅವನಿಗೆ ಮೊದಲು ಕುಡಿಸಿದ್ದು ನಮ್ಮಪ್ಪ, ಇದೇ ಕಟ್ಟೆಯ ಮುಂದೆ. ಆಗ ನನಗೂ ಅವನಿಗೂ ಹದಿನಾರು ವರ್ಷ. ಸತ್ತ ಎತ್ತಿನ ವಾಸನೆಗೆ ಅವನು ವಾಂತಿ ಮಾಡುತ್ತಿದ್ದ. ಅಪ್ಪ ಬಾಟಲಿ ಮೈಲಿಗೆಯಾಗದಂತೆ ಅವನ ಬೊಗಸೆಗೆ ಎತ್ತರದಿಂದ ಸುರಿದರು. ನಾನು ಕೈಯಲ್ಲಿ ಪುಸ್ತಕ ಹಿಡಿದು ನೋಡುತ್ತ ನಿಂತಿದ್ದೆ. ಇವತ್ತೂ ಹಾಗೇ ನಿಂತಿದ್ದೆ.

ಎಮ್ಮೆ ಎಳೆಯಲು ಕೇರಿಯಿಂದ ಬೇರೆ ಯಾರೂ ಬರಲಿಲ್ಲ. ವಾಸನೆ ಕೋಣೆಯೊಳಗೆ ಬರುತ್ತಿದೆ. ನಾಳೆ ಹಗ್ಗ ಹಿಡಿಯಬೇಕಾದವರು ನಾನು ಮತ್ತು ರಾವಸಾಬ. ಪ್ಯಾಕೆಟ್ ಅಲ್ಲೇ ಇದೆ. ನಮಗೇ ಬೇಕಾದೀತು.